ಓಪಿಯಾಯ್ಡ್ ನೋವು ನಿವಾರಕದ ಟ್ರಯಲ್‌ಗೆ ಕರೆದಿದ್ದಾರೆ, ಸೇರಲೇ ಬೇಡವೇ?

ನಿದ್ದೆಗೆಟ್ಟವಳು
ಎಲ್ಲರಿಗೂ ನಮಸ್ಕಾರ. ನನಗೆ ಸೊಂಟದ ಶಸ್ತ್ರಚಿಕಿತ್ಸೆ ಎರಡು ಸಲ ಆಗಿದೆ. ಎರಡನೆಯದು ಮುಗಿದು ನಾಲ್ಕು ವರ್ಷವಾದರೂ ಸೊಂಟದಿಂದ ಎಡ ಹಿಮ್ಮಡಿಯವರೆಗೆ ಇಳಿಯುವ ನೋವು ಬಿಟ್ಟಿಲ್ಲ. ಟ್ರಮಡಾಲ್ ಎಂಬ ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಹಗಲು ಹೇಗೋ ಕಳೆಯುತ್ತದೆ, ರಾತ್ರಿ ಎರಡು ಗಂಟೆಗೆ ಎದ್ದು ಕುಳಿತರೆ ಬೆಳಗಾಗುವವರೆಗೂ ಕಣ್ಣು ಮುಚ್ಚುವುದಿಲ್ಲ.

ಕಳೆದ ವಾರ ವೈದ್ಯರು ಒಂದು ಕ್ಲಿನಿಕಲ್ ಟ್ರಯಲ್ ವಿಷಯ ಹೇಳಿದರು. ನಿಧಾನವಾಗಿ ಬಿಡುಗಡೆಯಾಗುವ ಹೊಸ ಓಪಿಯಾಯ್ಡ್ ಮಾತ್ರೆ, ಅಂದರೆ ಮಾರ್ಫಿನ್ ಜಾತಿಯ ನೋವಿನ ಔಷಧಿ. ಮೊದಲು ಎಲ್ಲರಿಗೂ ಅದೇ ಔಷಧಿ ಕೊಟ್ಟು, ಪ್ರಮಾಣವನ್ನು ಸ್ವಲ್ಪ ಸ್ವಲ್ಪ ಏರಿಸುತ್ತಾರೆ. ಯಾರಿಗೆ ಗುಣ ಕಾಣುತ್ತದೆಯೋ ಅವರಲ್ಲಿ ಅರ್ಧದಷ್ಟು ಜನರಿಗೆ ಅದನ್ನೇ ಮುಂದುವರಿಸಿ, ಉಳಿದವರಿಗೆ ಪ್ಲಸೀಬೊ, ಅಂದರೆ ಔಷಧಿಯೇ ಇಲ್ಲದ ಹುಸಿ ಮಾತ್ರೆ ಕೊಡುತ್ತಾರೆ. ಆ ಭಾಗ 12 ವಾರ. ಯಾರಿಗೆ ಯಾವುದು ಎಂದು ನಮಗೂ ಗೊತ್ತಿರುವುದಿಲ್ಲ, ವೈದ್ಯರಿಗೂ ಗೊತ್ತಿರುವುದಿಲ್ಲ. ಸಮ್ಮತಿ ಪತ್ರ 24 ಪುಟ ಇದೆ. ಎರಡು ಸಲ ಓದಿದೆ, ತಲೆ ಸುತ್ತಿತು.

ನನ್ನ ಭಯ ಮೂರು. ಹುಸಿ ಮಾತ್ರೆ ನನ್ನ ಪಾಲಿಗೆ ಬಂದರೆ ಆ 12 ವಾರ ನರಕವೇ? ಚಟ ಹಿಡಿಯುತ್ತದೆಯೇ? ನಡುವೆ ಬೇಡವೆನಿಸಿದರೆ ಬಿಟ್ಟು ಬರಬಹುದೇ? ಸೇರಿದ ಅನುಭವ ಇದ್ದವರು ದಯವಿಟ್ಟು ಹೇಳಿ.

ನೇರಮಾತು
ಸೇರಬೇಡಿ. ಪ್ರಯೋಗಪಶು ಆಗುವುದಕ್ಕೆ ನೀವೇ ಸಹಿ ಹಾಕಿಕೊಡುವುದೇಕೆ?

ಮಂಡಿನೋವು
ನೇರಮಾತು ಅವರೇ, ಈಗ ಅವರು ನುಂಗುತ್ತಿರುವ ಟ್ರಮಡಾಲ್ ಕೂಡ ಯಾರೋ ಒಂದಷ್ಟು ಜನ ಟ್ರಯಲ್‌ಗೆ ಸೇರಿದ್ದರಿಂದಲೇ ಅಂಗಡಿಗೆ ಬಂದದ್ದು. ಅವರನ್ನೂ ಪಶು ಎನ್ನುತ್ತೀರಾ?

ಹಳೆಯ ನರ್ಸ್
ತಂಗಿ, ನಾನು ಒಂಬತ್ತು ವರ್ಷ ಇಂಥ ಅಧ್ಯಯನಗಳಲ್ಲಿ ಸ್ಟಡಿ ನರ್ಸ್ ಆಗಿದ್ದವಳು. ಒಂದೊಂದಾಗಿ ಹೇಳುತ್ತೇನೆ.

ಹುಸಿ ಮಾತ್ರೆ ಬಂದರೆ ನೋವು ತಿನ್ನುತ್ತಾ ಕೂರಬೇಕೆಂದೇನೂ ಇಲ್ಲ. ನೋವಿನ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ರೆಸ್ಕ್ಯೂ ಔಷಧಿ ಎಂದು ಇರುತ್ತದೆ. ನೋವು ತಡೆಯಲಾಗದಿದ್ದರೆ ತೆಗೆದುಕೊಳ್ಳಲು ಬೇರೆ ಮಾತ್ರೆ ಕೊಟ್ಟಿರುತ್ತಾರೆ. ಬಹಳ ಸಲ ಅದು ಪ್ಯಾರಾಸಿಟಮಾಲ್. ದಿನಕ್ಕೆ ಎಷ್ಟು, ಎಷ್ಟು ಗಂಟೆಗೊಮ್ಮೆ ಎಂಬ ಮಿತಿ ಇರುತ್ತದೆ, ತೆಗೆದುಕೊಂಡಾಗಲೆಲ್ಲ ಡೈರಿಯಲ್ಲಿ ಬರೆಯಬೇಕು. ನಿಮ್ಮ ಪತ್ರದಲ್ಲಿ ಆ ಪುಟ ಹುಡುಕಿ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುವವರಿಗೆ 24 ಪುಟಗಳಲ್ಲಿ ಅದೇ ಮುಖ್ಯವಾದ ಪುಟ. ಬರೀ ಪ್ಯಾರಾಸಿಟಮಾಲ್ ಎಂದಿದ್ದರೆ, ಅದು ನಿಮ್ಮ ಕಾಲುನೋವಿಗೆ ಎಷ್ಟು ಕೇಳುತ್ತದೆ ಎಂದು ನಿಮಗೇ ಗೊತ್ತು. ಅದನ್ನು ಯೋಚಿಸಿಯೇ ತೀರ್ಮಾನಿಸಿ.

ಬಿಟ್ಟು ಬರುವ ಹಕ್ಕು ಖಂಡಿತ ಇದೆ. ಅದರ ಮೂಲ 1964ರ ಹೆಲ್ಸಿಂಕಿ ಘೋಷಣೆ, ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆ ಹೇಗಿರಬೇಕು ಎಂದು ಹೇಳುವ ನೀತಿ ಪತ್ರ. ಅದನ್ನು ಅಂದಿನಿಂದ ಹಲವು ಸಲ ಪರಿಷ್ಕರಿಸಿದ್ದಾರೆ, ತೀರಾ ಇತ್ತೀಚೆಗೆ 2024ರಲ್ಲಿ. ಯಾವ ಕಾರಣವನ್ನೂ ಕೊಡದೆ, ಯಾವಾಗ ಬೇಕಾದರೂ ಹೊರಬರಬಹುದು, ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆಗೆ ತೊಂದರೆ ಆಗಬಾರದು ಎಂಬುದು ಎಲ್ಲ ಸಮ್ಮತಿ ಪತ್ರಗಳಲ್ಲೂ ಇರುವ ಮಾತು.

ಮುಂಜಾವು
ಹಳೆಯ ನರ್ಸ್ ಅಕ್ಕ ಹೇಳಿದ ಕೊನೆಯ ಮಾತಿಗೆ ನಾನು ಒಂದು ಸೇರಿಸಲೇಬೇಕು. "ಯಾವಾಗ ಬೇಕಾದರೂ ಬಿಡಬಹುದು" ಎಂಬ ಸಾಲು ರಕ್ತದೊತ್ತಡದ ಔಷಧಿಯ ಪತ್ರದಲ್ಲೂ ಇರುತ್ತದೆ, ಓಪಿಯಾಯ್ಡ್ ಪತ್ರದಲ್ಲೂ ಇರುತ್ತದೆ. ಎರಡರ ಅರ್ಥ ಒಂದೇ ಅಲ್ಲ!

ನಾನೂ ಬೆನ್ನುನೋವಿನ ಒಂದು ಟ್ರಯಲ್‌ಗೆ ಸೇರಿದ್ದೆ. ಏಳನೆಯ ವಾರ ಸಾಕೆನಿಸಿತು. ಮನೆಯಲ್ಲಿ ಬೇರೆ ತಾಪತ್ರಯ ಇತ್ತು, ಭೇಟಿಗಳಿಗೆ ಹೋಗಲು ಆಗುತ್ತಿರಲಿಲ್ಲ. ಒಂದು ಶುಕ್ರವಾರ ಫೋನ್ ಮಾಡಿ "ನಾನು ಬಿಡುತ್ತೇನೆ" ಎಂದೆ. ಆ ಕಡೆಯವರು "ಸರಿ, ನಿಮ್ಮ ಹಕ್ಕು, ಉಳಿದ ಮಾತ್ರೆಗಳನ್ನು ತಂದು ಒಪ್ಪಿಸಿ" ಎಂದರು. ಅಷ್ಟೇ. ಒಪ್ಪಿಸಿ ಬಂದೆ.

ಶನಿವಾರ ಮಧ್ಯಾಹ್ನ ಆಕಳಿಕೆ ಶುರುವಾಯಿತು. ಒಂದರ ಹಿಂದೆ ಒಂದು, ನಿಲ್ಲುವುದೇ ಇಲ್ಲ. ನಂತರ ಮೂಗಿನಲ್ಲಿ ನೀರು, ಮೈಮೇಲೆ ಕೋಳಿಚರ್ಮದ ಹಾಗೆ ಮುಳ್ಳು, ಕಾಲು ಒಂದು ಕಡೆ ಇಡಲು ಆಗದಂಥ ಚಡಪಡಿಕೆ. ರಾತ್ರಿ ಭೇದಿ. ಜ್ವರ ಬರುತ್ತಿದೆ ಎಂದುಕೊಂಡು ಕಂಬಳಿ ಹೊದ್ದು ಮಲಗಿದೆ. ಐದು ದಿನ ಹೀಗೇ ಕಳೆದ ಮೇಲೆ ನನ್ನ ವೈದ್ಯರು ಹೇಳಿದರು, ಇದು ಜ್ವರವಲ್ಲ, ಔಷಧಿಯನ್ನು ಒಮ್ಮೆಲೇ ನಿಲ್ಲಿಸಿದ್ದರ ಪರಿಣಾಮ ಎಂದು. ಹಕ್ಕಿದೆ ಎಂದು ಹೇಳಿದವರು ಇಳಿಸುವ ಬಗೆಯನ್ನು ಹೇಳಲಿಲ್ಲ. ನನಗೆ ಈಗಲೂ ಅದೇ ಸಿಟ್ಟು.

ಅರಿವಳಿಕೆ ಡಾಕ್ಟರ್
ಮುಂಜಾವು ಅವರು ಬರೆದದ್ದು ಅಕ್ಷರಶಃ ನಿಜ. ಪ್ರಭಾವ ಬೇಗ ಇಳಿಯುವ ಓಪಿಯಾಯ್ಡ್ ಆದರೆ ಕೊನೆಯ ಮಾತ್ರೆಯ ನಂತರ 8ರಿಂದ 24 ಗಂಟೆಗಳಲ್ಲಿ ಈ ಲಕ್ಷಣಗಳು ಶುರುವಾಗುತ್ತವೆ, 4ರಿಂದ 10 ದಿನ ಇರಬಹುದು. ಮೆಥಡೋನ್‌ನಂಥ ದೀರ್ಘಕಾಲದ ಔಷಧಿಯಾದರೆ ತಡವಾಗಿ ಶುರುವಾಗಿ ಹೆಚ್ಚು ದಿನ ಎಳೆಯುತ್ತದೆ. ಗಟ್ಟಿಮುಟ್ಟಾಗಿರುವವರಿಗೆ ಸಾಮಾನ್ಯವಾಗಿ ಪ್ರಾಣಾಪಾಯ ಇಲ್ಲ, ಆದರೆ ಯಾತನೆ ಸಣ್ಣದಲ್ಲ.

ಅದಕ್ಕೇ ನಿದ್ದೆಗೆಟ್ಟವಳು ಅವರು ಒಂದೇ ಒಂದು ಪ್ರಶ್ನೆ ಕೇಳಬೇಕಾದರೆ ಇದನ್ನು ಕೇಳಲಿ: "ನಾನು ನಡುವೆ ಬಿಟ್ಟರೆ ಪ್ರಮಾಣವನ್ನು ಹಂತ ಹಂತವಾಗಿ ಇಳಿಸುವವರು ಯಾರು, ಎಷ್ಟು ವಾರ, ಆ ಔಷಧಿ ಎಲ್ಲಿಂದ ಬರುತ್ತದೆ?" ಉತ್ತರ ಬಾಯಿಮಾತಿನಲ್ಲಿ ಬೇಡ, ಕಾಗದದಲ್ಲಿ ಇರಲಿ.

ನಿದ್ದೆಗೆಟ್ಟವಳು
ಪುಟ 17ರಲ್ಲಿ "ಹಿಂದೆ ಸರಿಯುವುದು" ಎಂಬ ಶೀರ್ಷಿಕೆ ಇದೆ. ಆರು ಸಾಲು. ಅದರಲ್ಲಿ ಇಳಿಸುವ ಮಾತೇ ಇಲ್ಲ. ಕೊನೆಯ ಭೇಟಿಗೆ ಬಂದು ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದಷ್ಟೇ ಇದೆ. ಮುಂಜಾವು ಅವರೇ, ನೀವು ಬರೆಯದಿದ್ದರೆ ನಾನು ಇದನ್ನು ಗಮನಿಸುತ್ತಲೇ ಇರಲಿಲ್ಲ.

ನೇರಮಾತು
ನೋಡಿ, ನಾನು ಹೇಳಲಿಲ್ಲವೇ? 2016ರಲ್ಲಿ ಫ್ರಾನ್ಸ್‌ನ ರೆನ್ ನಗರದಲ್ಲಿ ಒಂದು ಟ್ರಯಲ್‌ನಲ್ಲಿ ಆರು ಜನ ಆಸ್ಪತ್ರೆ ಸೇರಿ, ಒಬ್ಬರು ತೀರಿಕೊಂಡರು. ಅದೂ ಆರೋಗ್ಯವಂತರು.

ಸಂಖ್ಯಾಪ್ರಿಯ
ಆ ದುರಂತ ನಿಜ, ಅದನ್ನು ಮರೆಯಬಾರದು. ಆದರೆ ಅದು ಓಪಿಯಾಯ್ಡ್ ಅಲ್ಲ. ದೇಹದ ಎಫ್‌ಎಎಎಚ್ ಎಂಬ ಕಿಣ್ವವನ್ನು ತಡೆಯುವ ಅಣು, ಮನುಷ್ಯರಿಗೆ ಮೊದಲ ಬಾರಿ ಕೊಟ್ಟ ಮೊದಲ ಹಂತದ ಪರೀಕ್ಷೆ. ಇಲ್ಲಿ ಇವರು ವಿವರಿಸಿದ್ದು ಮೂರನೆಯ ಹಂತದ ಹಾಗೆ ಕಾಣುತ್ತದೆ, ಅಂದರೆ ಮೊದಲ ಹಂತಗಳನ್ನು ದಾಟಿದ ಔಷಧಿಯನ್ನು ಹೆಚ್ಚು ರೋಗಿಗಳಲ್ಲಿ ನೋಡುವುದು. ಓಪಿಯಾಯ್ಡ್‌ಗಳ ಅಪಾಯ ಹೊಸದೇನಲ್ಲ, ಗೊತ್ತಿರುವಂಥದ್ದೇ: ಉಸಿರು ನಿಧಾನವಾಗುವುದು, ಮಂಪರು, ಮಲಬದ್ಧತೆ, ಅವಲಂಬನೆ. ಗೊತ್ತಿಲ್ಲದ ಅಪಾಯಕ್ಕೂ ಗೊತ್ತಿರುವ ಅಪಾಯಕ್ಕೂ ಸಿದ್ಧತೆ ಬೇರೆ ಬೇರೆ.

ನನಗೆ ತಕರಾರು ಇರುವುದು ಬೇರೆ ಕಡೆ. ಈ ಟ್ರಯಲ್‌ನ ವಿನ್ಯಾಸವನ್ನು ನೋಡಿ. ಮೊದಲು ಎಲ್ಲರಿಗೂ ಔಷಧಿ ಕೊಟ್ಟು, ಒಗ್ಗದವರನ್ನೂ ಗುಣ ಕಾಣದವರನ್ನೂ ಹೊರಗೆ ಕಳುಹಿಸಿ, ಉಳಿದವರಲ್ಲಿ ಮಾತ್ರ ಹೋಲಿಕೆ ಮಾಡುತ್ತಾರೆ. ಜರಡಿ ಹಿಡಿದ ಮೇಲೆ ಉಳಿದ ಕಾಳನ್ನು ತೋರಿಸಿ "ಬೆಳೆ ಚೆನ್ನಾಗಿದೆ" ಎಂದ ಹಾಗೆ. ಇನ್ನೊಂದು ತೊಂದರೆ, ಪ್ಲಸೀಬೊಗೆ ಬದಲಾದವರಿಗೆ ಮುಂಜಾವು ಅವರು ಹೇಳಿದ ಲಕ್ಷಣಗಳು ಬಂದರೆ, ತಮಗೆ ಹುಸಿ ಮಾತ್ರೆ ಬಂದಿದೆ ಎಂದು ಅವರಿಗೆ ತಿಳಿದೇ ತಿಳಿಯುತ್ತದೆ. ಗುಟ್ಟು ಒಡೆಯಿತು. ಆಮೇಲೆ ಅವರು ಕೊಡುವ ನೋವಿನ ಅಂಕವನ್ನು ಹೇಗೆ ನಂಬುವುದು?

ಹಳೆಯ ನರ್ಸ್
ಅದಕ್ಕೆ ಉಪಾಯವಿದೆ. ಪ್ಲಸೀಬೊ ಗುಂಪಿಗೂ ಔಷಧಿಯನ್ನು ಒಮ್ಮೆಲೇ ನಿಲ್ಲಿಸದೆ, ಗೊತ್ತಾಗದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಮಾತ್ರೆಯ ರೂಪ, ಬಣ್ಣ, ಎಣಿಕೆ ಎಲ್ಲ ಒಂದೇ. ಲಕ್ಷಣಗಳನ್ನು ಅಳೆಯಲು ಪ್ರಶ್ನಾವಳಿಗಳೂ ಇವೆ. ಪೂರ್ತಿ ಫಲ ಕೊಡುತ್ತದೆ ಎನ್ನಲಾರೆ, ಆದರೆ ಯಾರೂ ಯೋಚಿಸಿಲ್ಲ ಎನ್ನುವುದು ಸರಿಯಲ್ಲ.

ಸಂಖ್ಯಾಪ್ರಿಯ
ಒಪ್ಪಿದೆ. ಆದರೂ 12 ವಾರದ ಉತ್ತರವನ್ನು ಹಿಡಿದುಕೊಂಡು ವರ್ಷಗಟ್ಟಲೆಯ ನೋವಿಗೆ ಔಷಧಿ ಬರೆಯುತ್ತಾರೆ, ಅದು ನನ್ನ ಮುಖ್ಯ ಸಂಕಟ. ದೀರ್ಘಕಾಲ ನೋಡಿದ ಅಧ್ಯಯನ ಬೆರಳೆಣಿಕೆಯಷ್ಟು. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸ್ಪೇಸ್ ಟ್ರಯಲ್ ಅಂಥದ್ದು: ಬೆನ್ನು, ಸೊಂಟದ ಕೀಲು, ಮಂಡಿ ನೋವಿನ 240 ಜನ, ಪೂರ್ತಿ 12 ತಿಂಗಳು. ಓಪಿಯಾಯ್ಡ್ ಪಡೆದವರಿಗೆ ದಿನನಿತ್ಯದ ಕೆಲಸದಲ್ಲಿ ಹೆಚ್ಚಿನ ಅನುಕೂಲ ಆಗಲಿಲ್ಲ. ನೋವಿನ ಅಂಕ ಬೇರೆ ಔಷಧಿಗಳ ಗುಂಪಿನಲ್ಲೇ ತುಸು ಚೆನ್ನಾಗಿತ್ತು. 2023ರಲ್ಲಿ ಆಸ್ಟ್ರೇಲಿಯಾದ ಓಪಲ್ ಟ್ರಯಲ್, 347 ಜನ, ಹೊಸದಾಗಿ ಶುರುವಾದ ಬೆನ್ನು ಮತ್ತು ಕುತ್ತಿಗೆ ನೋವು. ಆರು ವಾರದ ಕೊನೆಗೆ ಓಪಿಯಾಯ್ಡ್‌ಗೂ ಪ್ಲಸೀಬೊಗೂ ವ್ಯತ್ಯಾಸವೇ ಕಾಣಲಿಲ್ಲ.

ಮಂಡಿನೋವು
ಹಾಗಾದರೆ ನೀವೂ ಸೇರಬೇಡಿ ಎನ್ನುವವರೇ?

ಸಂಖ್ಯಾಪ್ರಿಯ
ಅಲ್ಲ. ಈ ಎರಡು ಉತ್ತರಗಳು ಸಿಕ್ಕಿದ್ದು ಆ 240 ಮತ್ತು 347 ಜನ ಸೇರಿದ್ದರಿಂದಲೇ ಅಲ್ಲವೇ? ಟ್ರಯಲ್ ಎಂದರೆ ಒಳ್ಳೆಯ ಔಷಧಿ ಮುಂಚಿತವಾಗಿ ಸಿಗುವ ಸಾಲು ಎಂದುಕೊಂಡು ಸೇರಬೇಡಿ ಎನ್ನುತ್ತಿದ್ದೇನೆ. ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಿಲ್ಲ ಎಂಬುದೇ ಟ್ರಯಲ್ ನಡೆಸಲು ಕಾರಣ.

ಹೊಂಗೆಮರ
ನನ್ನ ಅನುಭವ ಚಿಕ್ಕದು, ಆದರೆ ಹೇಳುತ್ತೇನೆ. ಬುದ್ಧಿಹಲ್ಲು ಕೀಳಿಸುವಾಗ ಒಂದು ನೋವು ನಿವಾರಕದ ಅಧ್ಯಯನಕ್ಕೆ ಸೇರಿದ್ದೆ. ಹಲ್ಲು ಕಿತ್ತು, ಮರಗಟ್ಟಿಸಿದ್ದು ಇಳಿಯುವವರೆಗೆ ಕಾಯಿಸಿದರು. ನೋವು ಚೆನ್ನಾಗಿ ಏರಿದ ಮೇಲೆಯೇ ಮಾತ್ರೆ ಕೊಟ್ಟದ್ದು. ಕೊಟ್ಟ ತಕ್ಷಣ ನನ್ನ ಎರಡು ಕೈಗೂ ಒಂದೊಂದು ಸ್ಟಾಪ್‌ವಾಚ್ ಇಟ್ಟರು. ಎರಡೂ ಓಡುತ್ತಿದ್ದವು. ನೋವು ಕಡಿಮೆಯಾಗುತ್ತಿದೆ ಎಂದು ಮೊದಲು ಅನಿಸಿದ ಕ್ಷಣಕ್ಕೆ ಎಡಗೈಯದನ್ನು ಒತ್ತಬೇಕು. "ಈಗ ನಿಜಕ್ಕೂ ಆರಾಮ ಸಿಕ್ಕಿತು" ಎನಿಸಿದಾಗ ಬಲಗೈಯದನ್ನು.

ಬಾಯಲ್ಲಿ ಹತ್ತಿ, ದವಡೆ ಬಡಿದುಕೊಳ್ಳುತ್ತಿದೆ, ನಾನು ಎರಡು ಗುಂಡಿಗಳ ಮೇಲೆ ಹೆಬ್ಬೆರಳಿಟ್ಟು ಕುಳಿತಿದ್ದೇನೆ. ಎಡಗೈಯದು 34ನೆಯ ನಿಮಿಷಕ್ಕೆ ಒತ್ತಿದೆ. ಬಲಗೈಯದು ಒತ್ತಲೇ ಇಲ್ಲ. ಕೊನೆಗೆ ಬೇರೆ ಮಾತ್ರೆ ಕೇಳಿದೆ, ಮರುಮಾತಿಲ್ಲದೆ ಕೊಟ್ಟರು. ಸ್ವಲ್ಪ ಕಡಿಮೆಯಾಗುವುದು ಬೇರೆ, ಆರಾಮವಾಗುವುದು ಬೇರೆ ಎಂದು ನನಗೆ ಅಂದು ಗೊತ್ತಾಯಿತು. ಅಲ್ಲಿಯವರೆಗೆ ಯಾರೂ ನನ್ನ ನೋವನ್ನು ಅಷ್ಟು ಗಮನವಿಟ್ಟು ಕೇಳಿರಲಿಲ್ಲ.

ಪದಪ್ರೇಮಿ
ಎರಡು ಸ್ಟಾಪ್‌ವಾಚ್! ಓದಿ ಮೈ ಜುಮ್ಮೆಂದಿತು. ನಿಮಗೆ ಹುಸಿ ಮಾತ್ರೆ ಬಂದಿತ್ತೇ?

ಹೊಂಗೆಮರ
ಬಹಳ ತಿಂಗಳ ಮೇಲೆ ತಿಳಿಸಿದರು. ಹೌದು, ಹುಸಿ ಮಾತ್ರೆಯೇ.

ನೇರಮಾತು
ಹಾಗಾದರೆ 34ನೆಯ ನಿಮಿಷಕ್ಕೆ ನೋವು ಕಡಿಮೆಯಾದದ್ದು ಭ್ರಮೆ.

ಅರಿವಳಿಕೆ ಡಾಕ್ಟರ್
ಭ್ರಮೆ ಎನ್ನಬೇಡಿ. 1978ರಲ್ಲಿ ಲೆವಿನ್, ಗಾರ್ಡನ್ ಮತ್ತು ಫೀಲ್ಡ್ಸ್ ಎಂಬ ಸಂಶೋಧಕರು ಹಲ್ಲು ಕೀಳಿಸಿಕೊಂಡವರ ಮೇಲೆಯೇ ನಡೆಸಿದ ಅಧ್ಯಯನವಿದೆ. ಪ್ಲಸೀಬೊದಿಂದ ನೋವು ಇಳಿದವರಿಗೆ ನಾಲಾಕ್ಸೋನ್ ಕೊಟ್ಟಾಗ ನೋವು ಮತ್ತೆ ಏರಿತು. ನಾಲಾಕ್ಸೋನ್ ಎಂದರೆ ಓಪಿಯಾಯ್ಡ್‌ಗಳ ಕೆಲಸವನ್ನು ತಡೆಯುವ ಔಷಧಿ. ಅಂದರೆ ಹುಸಿ ಔಷಧಿಯಲ್ಲಿ ಏನೂ ಇಲ್ಲದಿದ್ದರೂ, ದೇಹ ಎಂಡಾರ್ಫಿನ್ ಎಂಬ ತನ್ನದೇ ಓಪಿಯಾಯ್ಡ್‌ನಂಥ ವಸ್ತುಗಳನ್ನು ಬಿಡುಗಡೆ ಮಾಡಿರಬೇಕು ಎಂದು ಅದರಿಂದ ಊಹಿಸಿದರು. ನೋವು ಇಳಿದದ್ದು ನಿಜ, ಮಾತ್ರೆಯಿಂದ ಇಳಿದದ್ದಲ್ಲ. ಹೊಸ ಮಾತ್ರೆ ಇದಕ್ಕಿಂತ ಹೆಚ್ಚು ಮಾಡುತ್ತದೆಯೇ ಎಂದು ನೋಡಲಿಕ್ಕೇ ಆ ಗುಂಪು ಬೇಕಾಗುವುದು.

ಅಪ್ಪನ ಮಗ
ಚಟದ ಬಗ್ಗೆ ಯಾರೂ ಉತ್ತರಿಸಿಲ್ಲ. ನನ್ನ ತಂದೆಗೆ ಮೂಳೆಗೆ ಹರಡಿದ ಕ್ಯಾನ್ಸರ್ ಇತ್ತು. ಮಾರ್ಫಿನ್ ಎಂಬ ಹೆಸರು ಕೇಳಿದ್ದೇ ಮನೆಯವರೆಲ್ಲ ಬೇಡ ಎಂದರು, ನಾನೂ ಬೇಡ ಎಂದೆ. ಚಟ ಹಿಡಿಯುತ್ತದೆ, ಅದು ಕೊನೆಯ ಔಷಧಿ ಎಂದು. ಆರು ವಾರ ಅವರು ಮಗ್ಗುಲು ಬದಲಿಸಲು ಆಗದೆ ನರಳಿದರು. ನಂತರ ಕೊಟ್ಟಾಗ, ಮೂರನೆಯ ದಿನ ಎದ್ದು ಕುಳಿತು ಪತ್ರಿಕೆ ಓದಿದರು. ಆ ಆರು ವಾರಗಳನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. 1986ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಮೆಟ್ಟಿಲುಗಳ ಪದ್ಧತಿ ಹೇಳಿತ್ತಂತೆ, ಮೂರನೆಯ ಮೆಟ್ಟಿಲೇ ಮಾರ್ಫಿನ್. ಭಯ ಹುಟ್ಟಿಸುವವರು ಇದನ್ನೂ ಯೋಚಿಸಲಿ.

ನೇರಮಾತು
ನಿಮ್ಮ ತಂದೆಯ ವಿಷಯ ಓದಿ ಮನಸ್ಸಿಗೆ ಕಷ್ಟವಾಯಿತು. ಅದನ್ನು ನಾನು ಬೇಡ ಎನ್ನಲಿಲ್ಲ. ಆದರೆ "ಚಟ ಹಿಡಿಯುವುದಿಲ್ಲ" ಎಂದು ಹೇಳಿ ಹೇಳಿಯೇ ಅಮೆರಿಕದಂಥ ಒಂದು ದೇಶ ಹಾಳಾದದ್ದನ್ನು ಎಲ್ಲರೂ ನೋಡಿದ್ದೇವೆ.

ಸಂಖ್ಯಾಪ್ರಿಯ
ಇಲ್ಲಿ ನೇರಮಾತು ಅವರ ಜೊತೆ ನಾನಿದ್ದೇನೆ. 1980ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಐದು ವಾಕ್ಯಗಳ ಒಂದು ಪತ್ರ ಪ್ರಕಟವಾಯಿತು. ಆಸ್ಪತ್ರೆಯಲ್ಲಿದ್ದಾಗ ಓಪಿಯಾಯ್ಡ್ ಪಡೆದ 11,882 ಜನರಲ್ಲಿ ನಾಲ್ವರಿಗೆ ಮಾತ್ರ ಚಟ ಕಂಡಿತು ಎಂದು ಅದರಲ್ಲಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ, ನರ್ಸ್ ಕೈಯಿಂದ, ಕೆಲವು ದಿನ. ಅದನ್ನು ಹಿಡಿದುಕೊಂಡು ಮನೆಯಲ್ಲಿ ತಿಂಗಳುಗಟ್ಟಲೆ ತೆಗೆದುಕೊಂಡರೂ ಚಟ ಅಪರೂಪ ಎಂದು ಸಾರಿದರು. 2017ರಲ್ಲಿ ಎಣಿಸಿದಾಗ ಆ ಪುಟ್ಟ ಪತ್ರವನ್ನು 608 ಸಲ ಉಲ್ಲೇಖಿಸಿದ್ದರು. ಒಂದು ಸರಿಯಾದ ದೀರ್ಘ ಟ್ರಯಲ್ ಇರಬೇಕಾದ ಜಾಗದಲ್ಲಿ ಐದು ವಾಕ್ಯಗಳ ಪತ್ರ ಕುಳಿತಿತ್ತು. ಕೆರಳದೆ ಹೇಗಿರುವುದು?

ಅರಿವಳಿಕೆ ಡಾಕ್ಟರ್
ಎರಡು ಬೇರೆ ವಿಷಯಗಳನ್ನು ಒಂದೇ ಚೀಲಕ್ಕೆ ಹಾಕಬಾರದು. ಅವಲಂಬನೆ ಎಂದರೆ ದೇಹ ಔಷಧಿಗೆ ಒಗ್ಗಿಕೊಂಡು, ನಿಲ್ಲಿಸಿದಾಗ ಪ್ರತಿಭಟಿಸುವುದು. ನಿಯಮಿತವಾಗಿ ಕೆಲವು ವಾರ ತೆಗೆದುಕೊಂಡ ಯಾರಿಗೂ ಅದು ಆಗಬಹುದು. ಮುಂಜಾವು ಅವರಿಗೆ ಆದದ್ದು ಅದು. ಚಟ ಎಂದರೆ ಹಾನಿಯಾಗುತ್ತಿದ್ದರೂ ಬಿಡಲಾರದೆ ಅದರ ಬೆನ್ನು ಹತ್ತುವುದು. ಅದು ಎಲ್ಲರಿಗೂ ಆಗುವುದಿಲ್ಲ, ಆದರೆ ಆಗುತ್ತದೆ. ಹಿಂದೆ ಮದ್ಯದ ಅಥವಾ ಬೇರೆ ವಸ್ತುವಿನ ತೊಂದರೆ ಇದ್ದವರಿಗೆ, ಮನಸ್ಸಿನ ಕಾಯಿಲೆ ಇರುವವರಿಗೆ ಸಾಧ್ಯತೆ ಹೆಚ್ಚು. ಅದಕ್ಕೇ ಸೇರಿಸಿಕೊಳ್ಳುವ ಮುನ್ನ ಅದನ್ನೆಲ್ಲ ಕೆದಕಿ ಕೇಳುತ್ತಾರೆ. ಅವಮಾನವೆಂದು ತಿಳಿಯಬೇಡಿ, ಮುಚ್ಚಿಡಬೇಡಿ.

ಇನ್ನೊಂದು ಮಾತು. ನಿದ್ದೆ ಮಾತ್ರೆ, ಆತಂಕದ ಮಾತ್ರೆ, ಮದ್ಯ, ಇವುಗಳ ಜೊತೆ ಓಪಿಯಾಯ್ಡ್ ಸೇರಿದರೆ ಉಸಿರು ನಿಲ್ಲುವ ಅಪಾಯವಿದೆ. ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಾ ಉಸಿರು ಕಟ್ಟುವ ತೊಂದರೆ ಇದ್ದರೂ ಹೇಳಬೇಕು. ಈಗಿನ ಟ್ರಮಡಾಲ್ ಜೊತೆ ಖಿನ್ನತೆಯ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ಹೇಳಿ, ಅವೆರಡರ ನಡುವೆ ತಿಕ್ಕಾಟ ಇದೆ.

ನಿದ್ದೆಗೆಟ್ಟವಳು
ಅಯ್ಯೋ, ರಾತ್ರಿ ಒಂದು ನಿದ್ದೆ ಮಾತ್ರೆ ಆಗಾಗ ತೆಗೆದುಕೊಳ್ಳುತ್ತೇನೆ. ಅದನ್ನು ಅವರಿಗೆ ಹೇಳಿರಲಿಲ್ಲ. "ನೋವಿನ ಔಷಧಿ ಏನೇನು" ಎಂದು ಕೇಳಿದರು, ಇದು ನೋವಿನದಲ್ಲವಲ್ಲ ಎಂದುಕೊಂಡೆ.

ಹಳೆಯ ನರ್ಸ್
ತಂಗಿ, ಇವತ್ತೇ ಫೋನ್ ಮಾಡಿ. ಬಾಯಲ್ಲಿ ಪಟ್ಟಿ ಹೇಳಬೇಡಿ. ಮನೆಯಲ್ಲಿರುವ ಮಾತ್ರೆ ಹಾಳೆ, ಬಾಟಲಿ, ಸೊಪ್ಪಿನ ಪುಡಿ, ಶೀತದ ಸಿರಪ್ ಎಲ್ಲವನ್ನೂ ಒಂದು ಚೀಲಕ್ಕೆ ಸುರಿದುಕೊಂಡು ಹೋಗಿ ಮೇಜಿನ ಮೇಲೆ ಹರಡಿ. ನಾನು ಎಲ್ಲರಿಗೂ ಹಾಗೇ ಮಾಡಿಸುತ್ತಿದ್ದೆ. ಹತ್ತರಲ್ಲಿ ಏಳು ಜನ ಏನಾದರೊಂದು ಮರೆತಿರುತ್ತಿದ್ದರು.

ಪದಪ್ರೇಮಿ
ಸ್ವಲ್ಪ ದಾರಿ ತಪ್ಪಿಸುತ್ತಿದ್ದೇನೆ, ಕ್ಷಮಿಸಿ. ಡೈರಿಯಲ್ಲಿ 0ಯಿಂದ 10ರವರೆಗೆ ಅಂಕ ಹಾಕಬೇಕಲ್ಲ, ಅದು ನನಗೆ ಯಾವತ್ತೂ ಅರ್ಥವಾಗಿಲ್ಲ. ನಮ್ಮಲ್ಲಿ ನೋವಿಗೆ ಎಷ್ಟು ಮಾತುಗಳಿವೆ: ಚುಚ್ಚುತ್ತದೆ, ಸೆಳೆಯುತ್ತದೆ, ಉರಿಯುತ್ತದೆ, ಹಿಂಡುತ್ತದೆ, ಸಿಡಿಯುತ್ತದೆ, ಹರಿಯುತ್ತದೆ, ಜೋಮು ಹಿಡಿಯುತ್ತದೆ, ಕಟಕಟ ಎನ್ನುತ್ತದೆ. ಇದನ್ನೆಲ್ಲ "6" ಎಂದು ಬರೆದರೆ ಏನು ತಿಳಿಯಿತು?

ನಿದ್ದೆಗೆಟ್ಟವಳು
ನನ್ನದು ಸೆಳೆತ ಮತ್ತು ಉರಿ. ಹಿಮ್ಮಡಿಯಲ್ಲಿ ಮಾತ್ರ ಜೋಮು. ಇದನ್ನು ವೈದ್ಯರು ಒಮ್ಮೆಯೂ ಕೇಳಿಲ್ಲ.

ಅರಿವಳಿಕೆ ಡಾಕ್ಟರ್
ಕೇಳಬೇಕಿತ್ತು. ಉರಿ ಮತ್ತು ಜೋಮು ಎಂದರೆ ನರದ ನೋವಿನ ಸುಳಿವು, ಅದಕ್ಕೆ ಓಪಿಯಾಯ್ಡ್ ಮೊದಲ ಆಯ್ಕೆಯಲ್ಲ. ಬೇರೆ ಬಗೆಯ ಔಷಧಿಗಳನ್ನು ಮೊದಲು ನೋಡುತ್ತಾರೆ. ಅವನ್ನು ಪ್ರಯತ್ನಿಸಬಹುದೇ ಎಂದು ನಿಮ್ಮ ವೈದ್ಯರ ಹತ್ತಿರ ಮಾತಾಡಿ. ಪದಗಳನ್ನೇ ಅಳತೆ ಮಾಡುವ ವಿಧಾನವೂ ಇದೆ. ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಮ್ಯಾಕ್‌ಗಿಲ್ ನೋವಿನ ಪ್ರಶ್ನಾವಳಿ ಪ್ರಕಟಿಸಿದರು, ಅದು ಇಂಥ ಪದಗಳ ಪಟ್ಟಿಯೇ. ಆದರೆ ಟ್ರಯಲ್‌ಗಳಲ್ಲಿ ಅಂಕಿಯೇ ಹೆಚ್ಚು ಬಳಕೆ. ಸುಮಾರು ಎರಡು ಅಂಕ, ಅಥವಾ ನೂರಕ್ಕೆ 30ರಷ್ಟು ಇಳಿದರೆ ರೋಗಿಗೆ ನಿಜವಾಗಿ ಅರಿವಾಗುವಷ್ಟು ಕಡಿಮೆಯಾಗಿದೆ ಎಂದು ಲೆಕ್ಕ.

ಮಂಡಿನೋವು
ಅಂಕ ಹೆಚ್ಚು ಹಾಕಿದರೆ ಸೇರಿಸಿಕೊಳ್ಳುತ್ತಾರಂತೆ. ಇಷ್ಟಕ್ಕಿಂತ ಕಡಿಮೆ ನೋವಿದ್ದವರನ್ನು ಬಿಟ್ಟುಬಿಡುತ್ತಾರಂತೆ. ನಮ್ಮ ಪರಿಚಯದವರೊಬ್ಬರು ಎಲ್ಲದಕ್ಕೂ 8 ಬರೆದು ಸೇರಿಕೊಂಡರು.

ಹಳೆಯ ನರ್ಸ್
ಮಾಡಬಾರದ ಕೆಲಸ! ಸುಳ್ಳು 8 ಬರೆದು ಸೇರಿದವರ ಅಂಕ ಔಷಧಿ ಇರಲಿ ಇಲ್ಲದಿರಲಿ, ಮರುವಾರ 5ಕ್ಕೆ ಇಳಿಯುತ್ತದೆ. ಹುಸಿ ಮಾತ್ರೆಯೂ ಗುಣ ಮಾಡಿದ ಹಾಗೆ ಕಾಣುತ್ತದೆ, ನಿಜವಾದ ಔಷಧಿಯ ಗುಣ ಅದರಲ್ಲಿ ಮುಳುಗಿ ಹೋಗುತ್ತದೆ. ಅಲ್ಲದೆ ಅಷ್ಟು ನೋವಿಲ್ಲದ ದೇಹಕ್ಕೆ ಅಷ್ಟು ಔಷಧಿ ಬೀಳುತ್ತದೆ. ದಿನಾ ಒಂದೇ ಹೊತ್ತಿಗೆ, ನಿನ್ನೆಯ ಅಂಕವನ್ನು ನೋಡದೆ ಬರೆಯಬೇಕು. ಭೇಟಿಯ ದಿನ ಹೊರಗಿನ ಬೆಂಚಿನಲ್ಲಿ ಕುಳಿತು ಒಂದೇ ಪೆನ್ನಿನಲ್ಲಿ ಎರಡು ವಾರದ ಡೈರಿ ತುಂಬಿಸುವವರನ್ನು ಕಣ್ಣಾರೆ ಕಂಡಿದ್ದೇನೆ. ಈಗ ಬಹಳ ಕಡೆ ಮೊಬೈಲ್‌ನಲ್ಲೇ ಬರೆಯಬೇಕು, ಹೊತ್ತು ಮೀರಿದರೆ ಪುಟ ತೆರೆಯುವುದಿಲ್ಲ. ಒಳ್ಳೆಯದೇ ಆಯಿತು.

ಬಿಳಿಮೋಡ
ಓಪಿಯಾಯ್ಡ್ ಅಲ್ಲದ ಹೊಸ ಔಷಧಿ ಬಂದಿದೆ ಎಂದು ಓದಿದೆ. ಅದನ್ನೇ ಕೇಳಬಾರದೇ?

ಸಂಖ್ಯಾಪ್ರಿಯ
ಸುಜೆಟ್ರಿಜಿನ್. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ನರಗಳಲ್ಲಿ ನೋವಿನ ಸಂದೇಶ ಸಾಗಲು ನೆರವಾಗುವ ಸೋಡಿಯಂ ಕಾಲುವೆಯೊಂದನ್ನು ತಡೆಯುತ್ತದೆ. ಆದರೆ ಒಪ್ಪಿಗೆ ಇರುವುದು ಅಲ್ಪಕಾಲದ ತೀವ್ರ ನೋವಿಗೆ. ಶಸ್ತ್ರಚಿಕಿತ್ಸೆಯ ನಂತರದ ನೋವಿನಲ್ಲಿ ಪರೀಕ್ಷಿಸಿದಾಗ ಪ್ಲಸೀಬೊಗಿಂತ ಮೇಲಾಯಿತು, ಹೈಡ್ರೊಕೊಡೋನ್ ಎಂಬ ಓಪಿಯಾಯ್ಡ್ ಮತ್ತು ಪ್ಯಾರಾಸಿಟಮಾಲ್ ಜೋಡಿಯನ್ನು ಮೀರಿಸಲಿಲ್ಲ. ನಾಲ್ಕು ವರ್ಷದ ಕಾಲುನೋವಿಗೆ ನೇರ ಉತ್ತರ ಅದಲ್ಲ.

ಅಪ್ಪನ ಮಗ
ಯಾರೂ ಬಿಡಿಸಿ ಹೇಳದ ಒಂದು ಮಾತು: ಮಲಬದ್ಧತೆ. ತಂದೆಗೆ ನೋವಿಗಿಂತ ಅದೇ ದೊಡ್ಡ ಕಷ್ಟವಾಯಿತು.

ಮುಂಜಾವು
ನನಗೂ. ನಾಚಿಕೆಪಟ್ಟು ಎರಡು ವಾರ ಹೇಳಲೇ ಇಲ್ಲ.

ಹಳೆಯ ನರ್ಸ್
ವಾಕರಿಕೆ, ಮಂಪರು ಬಹಳ ಜನರಿಗೆ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತವೆ. ಮಲಬದ್ಧತೆ ಹಾಗಲ್ಲ, ದೇಹ ಅದಕ್ಕೆ ಒಗ್ಗುವುದೇ ಕಡಿಮೆ. ಮೊದಲ ಮಾತ್ರೆಯ ದಿನವೇ ವಿರೇಚಕವೂ ಶುರುವಾಗಬೇಕು, ಕಟ್ಟಿಕೊಂಡ ಮೇಲೆ ಅಲ್ಲ. ಯಾವುದು ತೆಗೆದುಕೊಳ್ಳಬಹುದು ಎಂದು ಟ್ರಯಲ್‌ನವರನ್ನೇ ಕೇಳಿ.

ನೇರಮಾತು
ಇನ್ನೊಂದು ಹೇಳಿಬಿಡುತ್ತೇನೆ. ಹೋಗಿ ಬರುವ ಖರ್ಚು ಕೊಡುವುದು ಸರಿ. ಆದರೆ ಮೊತ್ತ ದೊಡ್ಡದಾಗಿ, ಅದರ ಆಸೆಗೆ ನೋವನ್ನೂ ಮಂಪರನ್ನೂ ಮುಚ್ಚಿಟ್ಟು ಕೊನೆಯವರೆಗೆ ಎಳೆಯುವ ಹಾಗಾದರೆ ಅದು ಸಮ್ಮತಿಯಲ್ಲ. ನಿಮಗೆ ಹಾಗೆ ಅನಿಸುತ್ತಿದ್ದರೆ ಅಲ್ಲೇ ನಿಲ್ಲಿ.

ಹೊಂಗೆಮರ
ಇದನ್ನು ಪೂರ್ತಿ ಒಪ್ಪುತ್ತೇನೆ.

ನಿದ್ದೆಗೆಟ್ಟವಳು
ಐದು ದಿನದ ಮೇಲೆ ಬರೆಯುತ್ತಿದ್ದೇನೆ. ಚೀಲದ ತುಂಬ ಔಷಧಿ ತುಂಬಿಕೊಂಡು ಹೋಗಿದ್ದೆ, ಯಜಮಾನರನ್ನೂ ಕರೆದುಕೊಂಡು. ನಿದ್ದೆ ಮಾತ್ರೆಯನ್ನು ನೋಡಿದ ಅಲ್ಲಿನ ಡಾಕ್ಟರ್ ಕುರ್ಚಿ ಎಳೆದುಕೊಂಡು ಕುಳಿತು, ಅದನ್ನು ಬಿಡಿಸದೆ ಸೇರಿಸಿಕೊಳ್ಳುವ ಹಾಗಿಲ್ಲ ಎಂದರು. ಅದನ್ನೂ ಒಮ್ಮೆಲೇ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರ ಹತ್ತಿರವೇ ನಿಧಾನವಾಗಿ ಇಳಿಸಿಕೊಂಡು ಬನ್ನಿ ಎಂದರು. ರೆಸ್ಕ್ಯೂ ಔಷಧಿ ಪ್ಯಾರಾಸಿಟಮಾಲ್ ಮಾತ್ರವೇ. ಅದರಲ್ಲಿ ರಾತ್ರಿ ಕಳೆಯಬಲ್ಲೆನೇ ಎಂದು ಇನ್ನೂ ನಿಶ್ಚಯವಿಲ್ಲ.

ಪುಟ 17 ತೆರೆದಿಟ್ಟು, ನಡುವೆ ಬಿಟ್ಟರೆ ಹೇಗೆ ಇಳಿಸುತ್ತೀರಿ ಎಂದು ಕೇಳಿದೆ. ಅಲ್ಲಿದ್ದ ಹುಡುಗಿ "ಇಳಿಸುತ್ತೇವೆ, ಯೋಚಿಸಬೇಡಿ" ಎಂದಳು. ಬರೆದುಕೊಡಿ ಎಂದೆ. ಒಳಗೆ ಹೋಗಿ ಕೇಳಿಕೊಂಡು ಬಂದಳು. ಮುಖ್ಯ ಯೋಜನೆಯಲ್ಲಿ ಎರಡು ವಾರ ಇಳಿಸುವ ಕ್ರಮ ಇದೆಯಂತೆ, ರೋಗಿಗಳಿಗೆ ಕೊಡುವ ಪತ್ರದಲ್ಲಿ ಮಾತ್ರ ಬಿಟ್ಟುಹೋಗಿದೆಯಂತೆ. ಪತ್ರ ತಿದ್ದಬೇಕಾದರೆ ಟ್ರಯಲ್ ನ್ಯಾಯವಾಗಿ ನಡೆಯುತ್ತಿದೆಯೇ ಎಂದು ನೋಡುವ ಎಥಿಕ್ಸ್ ಸಮಿತಿಯ ಒಪ್ಪಿಗೆ ಬೇಕು, ಕಳುಹಿಸುತ್ತೇವೆ ಎಂದಿದ್ದಾರೆ.

ಮುಂಜಾವು
ನನಗೆ ಆ ಶುಕ್ರವಾರ ಬೇಕಾಗಿದ್ದದ್ದು ಆ ಎರಡು ವಾರಗಳೇ. ತಿದ್ದಿದ ಪತ್ರ ಬರುವವರೆಗೆ ಸಹಿ ಹಾಕಬೇಡಿ.

ಅರಿವಳಿಕೆ ಡಾಕ್ಟರ್
ಎರಡು ವಾರ ಕೆಲವರಿಗೆ ಸಾಲುವುದಿಲ್ಲ. ಲಕ್ಷಣ ಬಂದರೆ ಇಳಿಸುವುದನ್ನು ನಿಧಾನಿಸಬಹುದೇ ಎಂದೂ ಕೇಳಿಕೊಳ್ಳಿ. ನರದ ನೋವಿನ ಔಷಧಿಯ ಮಾತು ನಿಮ್ಮ ವೈದ್ಯರ ಹತ್ತಿರ ಆಯಿತೇ?

ನಿದ್ದೆಗೆಟ್ಟವಳು
ಮಂಗಳವಾರ ಭೇಟಿ ಇದೆ. ಸೆಳೆತ, ಉರಿ, ಜೋಮು, ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದಿಟ್ಟಿದ್ದೇನೆ. ನಿದ್ದೆ ಮಾತ್ರೆ ಇಳಿಸುವುದಕ್ಕೂ ಅವರೇ ಬೇಕು. ಅದಾದ ಮೇಲೆ ಟ್ರಯಲ್. ನೋಡಿಕೊಂಡು ಇಲ್ಲೇ ಬರೆಯುತ್ತೇನೆ.

ಹಳೆಯ ನರ್ಸ್
ಬರೆಯಿರಿ ತಂಗಿ. ಸೇರುವುದಾದರೆ ಅವರು ಒಂದು ಚಿಕ್ಕ ಕಾರ್ಡ್ ಕೊಡುತ್ತಾರೆ, ಹಗಲಿರುಳು ಕರೆ ಮಾಡುವ ಸಂಖ್ಯೆ ಅದರಲ್ಲಿರುತ್ತದೆ. ಅದನ್ನು ಪರ್ಸ್‌ನಲ್ಲಿ ಇಟ್ಟುಕೊಳ್ಳಿ, ಇನ್ನೊಂದು ಪ್ರತಿ ಯಜಮಾನರ ಹತ್ತಿರ ಇರಲಿ. ಮಾತ್ರೆಗಳನ್ನು ಬೀಗ ಹಾಕಿದ ಕಡೆ ಇಡಿ, ಮಕ್ಕಳ ಕೈಗೆ ಸಿಗಬಾರದು.

ನಿದ್ದೆಗೆಟ್ಟವಳು
ಬೀಗ ಇರುವ ಕಪಾಟು ಇದೆ ಅಕ್ಕ. ಕೀಲಿ ಕಳೆದಿದೆ, ಇವತ್ತೇ ಹೊಸದು ಮಾಡಿಸುತ್ತೇನೆ.